ತಂದೆಯ ಮೂಳೆ ಹೂಳುವಷ್ಟು ನೆಲ

1865ರ ಅಕ್ಟೋಬರ್ 19. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯ, ಚಾರ್ಲ್ಸ್‌ಟನ್ ಪಟ್ಟಣದಿಂದ ತೆಂಕಣಕ್ಕೆ ಎಡಿಸ್ಟೊ ಎಂಬ ದ್ವೀಪ. ಅಲ್ಲಿನ ಹಳೆಯ ಚರ್ಚೊಂದರಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಗುಲಾಮಗಿರಿಯ ಕಾಲದಲ್ಲಿ ಒಡೆಯರು ಕೆಳಗೆ ಬೆಂಚುಗಳ ಮೇಲೆ, ಕಪ್ಪು ಜನ ಮೇಲೆ ಅಟ್ಟದಲ್ಲಿ ಕೂರುವುದು ಆ ಕಡೆಯ ಚರ್ಚುಗಳ ಪದ್ಧತಿ. ಅವತ್ತು ಕೆಳಗೂ ಅವರೇ, ಅಟ್ಟದಲ್ಲೂ ಅವರೇ. ಯಾರೋ ದೊಡ್ಡವರು ವಾಷಿಂಗ್ಟನ್ನಿಂದ ಬರುತ್ತಾರೆ, ತಮ್ಮ ಹೊಲಗಳ ವಿಷಯ ಮಾತಾಡುತ್ತಾರೆ ಎಂಬ ಸುದ್ದಿ ಮೊದಲೇ ಹಬ್ಬಿತ್ತು. ಸುದ್ದಿ ಒಳ್ಳೆಯದಲ್ಲ ಎಂಬುದೂ ಗೊತ್ತಾಗಿತ್ತು.

ಬಂದವರು ಜನರಲ್ ಆಲಿವರ್ ಹಾವರ್ಡ್. ಬಲಗೈ ಇರಲಿಲ್ಲ, 1862ರಲ್ಲಿ ವರ್ಜೀನಿಯಾದ ಕಾಳಗದಲ್ಲಿ ಗುಂಡು ತಗುಲಿ ಅದನ್ನು ಕತ್ತರಿಸಿ ತೆಗೆದಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದವರ ಯೋಗಕ್ಷೇಮ ನೋಡಿಕೊಳ್ಳಲು ಸರ್ಕಾರ ಆ ವರ್ಷ ಮಾರ್ಚಿನಲ್ಲಿ ಫ್ರೀಡ್‌ಮೆನ್ಸ್ ಬ್ಯೂರೊ ಎಂಬ ಇಲಾಖೆ ತೆರೆದಿತ್ತು. ಹಾವರ್ಡರು ಅದರ ಮುಖ್ಯಸ್ಥರು. ದೈವಭಕ್ತರು, ಕಪ್ಪು ಜನರ ಮೇಲೆ ನಿಜವಾದ ಕಳಕಳಿ ಇದ್ದವರು. ಅಂಥವರ ಬಾಯಿಂದಲೇ ಆ ಮಾತು ಬರಬೇಕಾಯಿತು: ನೀವು ಉಳುತ್ತಿರುವ ಈ ಹೊಲಗಳನ್ನು ಹಳೆಯ ಒಡೆಯರಿಗೆ ಬಿಟ್ಟುಕೊಡಬೇಕು.

ಇಲ್ಲಿಗೆ ಕಥೆ ನಿಲ್ಲಿಸಿ, ಆ ಹೊಲಗಳು ಅವರ ಕೈಗೆ ಬಂದದ್ದು ಹೇಗೆಂದು ಹೇಳಬೇಕು. ಅದನ್ನು ತಿಳಿಯದೆ ಆ ಚರ್ಚಿನಲ್ಲಿ ಮುಂದೆ ನಡೆದದ್ದು ಅರ್ಥವಾಗುವುದಿಲ್ಲ.

ಆ ದ್ವೀಪಗಳಲ್ಲಿ ಬೆಳೆಯುತ್ತಿದ್ದದ್ದು ಉದ್ದ ಎಳೆಯ ಹತ್ತಿ. ರೇಷ್ಮೆಯಷ್ಟು ನುಣುಪು, ಇಂಗ್ಲೆಂಡಿನ ಗಿರಣಿಗಳಲ್ಲಿ ಅದಕ್ಕೆ ಬೇರೆಲ್ಲ ಹತ್ತಿಗಿಂತ ಹೆಚ್ಚಿನ ಬೆಲೆ. ಬೆಳೆಸುತ್ತಿದ್ದವರು ಗುಲಾಮರು. ಒಬ್ಬ ಆಳಿಗೆ ದಿನಕ್ಕೆ ಇಷ್ಟು ಎಂದು ನೆಲ ಅಳೆದು ಕೊಡುತ್ತಿದ್ದರು, ಹೆಚ್ಚಾಗಿ ಕಾಲು ಎಕರೆ. ಚಳಿಗಾಲದಲ್ಲಿ ಉಪ್ಪುನೀರಿನ ಜವುಗಿಗೆ ಇಳಿದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಆ ಕಪ್ಪು ಹೂಳನ್ನು ಅಗೆದು ಹೊತ್ತು ತಂದು ಸಾಲುಗಳಿಗೆ ಗೊಬ್ಬರವಾಗಿ ಸುರಿಯಬೇಕು. ಬಿಡಿಸಿದ ಹತ್ತಿಯಿಂದ ಕಸಕಡ್ಡಿಯನ್ನು ಹೆಂಗಸರು ಕೈಯಲ್ಲೇ ಆರಿಸಬೇಕು. ತಲೆಮಾರುಗಟ್ಟಲೆ ಹೀಗೆ ದುಡಿದವರಿಗೆ ಆ ನೆಲದ ಒಂದೊಂದು ತುಂಡಿನ ಗುಣವೂ ಗೊತ್ತಿತ್ತು. ಒಡೆಯರಲ್ಲಿ ಅನೇಕರಿಗೆ ಗೊತ್ತಿದ್ದದ್ದು ಚಾರ್ಲ್ಸ್‌ಟನ್ನಿನಲ್ಲಿ ಕೂತು ನೋಡುವ ಲೆಕ್ಕದ ಪುಸ್ತಕ.

1861ರಲ್ಲಿ ದಕ್ಷಿಣದ ರಾಜ್ಯಗಳು ಕೇಂದ್ರದ ವಿರುದ್ಧ ಬಂಡೆದ್ದು ಉತ್ತರ ದಕ್ಷಿಣಗಳ ನಡುವೆ ಯುದ್ಧ ಹತ್ತಿಕೊಂಡಿತ್ತು. ಆ ವರ್ಷ ನವೆಂಬರ್ 7ರಂದು ಉತ್ತರದವರ ನೌಕಾಪಡೆ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿ ಕೋಟೆಗಳ ಮೇಲೆ ಫಿರಂಗಿ ಹಾರಿಸಿತು. ದ್ವೀಪದ ಜನ ಆ ದಿನವನ್ನು 'ದೊಡ್ಡ ಫಿರಂಗಿ ಹೊಡೆದ ದಿನ' ಎಂದೇ ನೆನಪಿಟ್ಟುಕೊಂಡರು. ಆಗ ಹುಡುಗನಾಗಿದ್ದವನೊಬ್ಬ ಮುಪ್ಪಿನಲ್ಲಿ ಹೇಳಿದ್ದು ದಾಖಲಾಗಿದೆ: ಗುಡುಗು ಎಂದುಕೊಂಡನಂತೆ, ಅದು ಗುಡುಗಲ್ಲ ಮಗಾ, ನಿನಗೆ ಬಿಡುಗಡೆ ಕೊಡಲು ಬಂದವರ ಸದ್ದು ಎಂದು ತಾಯಿ ತಿಳಿಸಿದಳಂತೆ. ಒಡೆಯರು ದೋಣಿ ಹತ್ತಿ ಓಡಿದರು. ತಮ್ಮ ಜೊತೆ ಬನ್ನಿ ಎಂದು ಗುಲಾಮರನ್ನು ಕರೆದರು, ಗದರಿಸಿದರು. ಬಹಳ ಮಂದಿ ಜವುಗಿನಲ್ಲಿ ಅಡಗಿ ಕೂತರು, ಹೋಗಲಿಲ್ಲ.

ಯುದ್ಧ ಇನ್ನೂ ಮೂರು ವರ್ಷ ನಡೆಯಿತು. 1864ರ ಕೊನೆಗೆ ಉತ್ತರದ ಜನರಲ್ ಷರ್ಮನ್ ಜಾರ್ಜಿಯಾವನ್ನು ಸೀಳಿಕೊಂಡು ಸವಾನಾ ಪಟ್ಟಣ ಸೇರಿದರು. ಅವರ ದಂಡಿನ ಹಿಂದೆ ಸಾವಿರಾರು ಕಪ್ಪು ಜನ ಮಕ್ಕಳನ್ನು ಎತ್ತಿಕೊಂಡು ನಡೆದು ಬಂದಿದ್ದರು. ಇವರನ್ನು ಏನು ಮಾಡುವುದು? ಆಗ ಯುದ್ಧಮಂತ್ರಿ ಸ್ಟಾಂಟನ್ ಒಂದು ಅಪರೂಪದ ಕೆಲಸ ಮಾಡಿದರು: ಅವರನ್ನೇ ಕೇಳಿದರು. 1865ರ ಜನವರಿ 12ರ ರಾತ್ರಿ ಸವಾನಾದಲ್ಲಿ ಇಪ್ಪತ್ತು ಮಂದಿ ಕಪ್ಪು ಪಾದ್ರಿಗಳನ್ನೂ ಚರ್ಚಿನ ಹಿರಿಯರನ್ನೂ ಕರೆಸಿ, ಪ್ರಶ್ನೆಗಳನ್ನು ಒಂದೊಂದಾಗಿ ಓದಿ, ಉತ್ತರವನ್ನು ಬರೆಸಿಕೊಂಡರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜಿಯರ್, 67 ವರ್ಷದ ಹಿರಿಯರು. ಎಂಟು ವರ್ಷ ಹಿಂದೆ ಸಾವಿರ ಡಾಲರ್ ಚಿನ್ನ ಬೆಳ್ಳಿ ತೆತ್ತು ತಮ್ಮನ್ನೂ ಹೆಂಡತಿಯನ್ನೂ ಕೊಂಡುಕೊಂಡಿದ್ದವರು. ಹೌದು, ಸ್ವಂತ ಹೆಂಡತಿಯನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಗಿದ್ದ ಕಾಲ ಅದು.

ಗುಲಾಮಗಿರಿ ಎಂದರೇನು ಎಂದು ಕೇಳಿದ್ದಕ್ಕೆ ಅವರು, ಒಬ್ಬನ ದುಡಿಮೆಯನ್ನು ಅವನ ಒಪ್ಪಿಗೆಯಿಲ್ಲದೆ ಬಲದಿಂದ ಪಡೆಯುವುದು ಎಂದರು. ಸ್ವಾತಂತ್ರ್ಯವೆಂದರೆ? ಆ ನೊಗದಡಿಯಿಂದ ಬಿಡಿಸಿ, ನಮ್ಮ ದುಡಿಮೆಯ ಫಲವನ್ನು ನಾವೇ ಉಣ್ಣುವ ಹಾಗೆ ಮಾಡುವುದು. ನಿಮ್ಮನ್ನು ನೀವು ಹೇಗೆ ಸಾಕಿಕೊಳ್ಳುತ್ತೀರಿ? ನೆಲ ಕೊಡಿ, ನಾವೇ ಉತ್ತು ಬಿತ್ತಿ ಬದುಕುತ್ತೇವೆ. ಕ್ರಮೇಣ ಕೊಂಡುಕೊಳ್ಳುವ ಶಕ್ತಿಯೂ ಬರುತ್ತದೆ. ರಾಜನೀತಿಯ ಪಂಡಿತರು ಪುಟಗಟ್ಟಲೆ ಬರೆದದ್ದನ್ನು ಈ ಹಿರಿಯರು ನಾಲ್ಕು ಮಾತಿನಲ್ಲಿ ಮುಗಿಸಿದರು. ನಾನು ಓದಿದ ಸರ್ಕಾರಿ ಕಾಗದಗಳಲ್ಲಿ ಇಷ್ಟು ತಿಳಿಯಾದದ್ದು ಇನ್ನೊಂದಿಲ್ಲ.

ನಾಲ್ಕೇ ದಿನದಲ್ಲಿ, ಜನವರಿ 16ರಂದು, ಷರ್ಮನ್ 15ನೇ ನಂಬರಿನ ಆದೇಶ ಹೊರಡಿಸಿದರು. ಚಾರ್ಲ್ಸ್‌ಟನ್ನಿಂದ ದಕ್ಷಿಣಕ್ಕಿರುವ ದ್ವೀಪಗಳು, ಸಮುದ್ರದಿಂದ ಮೂವತ್ತು ಮೈಲಿ ಒಳಗಿನವರೆಗೆ ಒಡೆಯರು ಬಿಟ್ಟೋಡಿದ ಭತ್ತದ ಗದ್ದೆಗಳು, ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯ ತನಕದ ಪ್ರದೇಶ ಇವರಿಗೇ ಮೀಸಲು. ಕುಟುಂಬಕ್ಕೆ ನಲವತ್ತು ಎಕರೆಯವರೆಗೆ ಅನುಭೋಗದ ಹಕ್ಕುಪತ್ರ. ಬೇಸಿಗೆಯ ಹೊತ್ತಿಗೆ ಸುಮಾರು 40 ಸಾವಿರ ಜನ 4 ಲಕ್ಷ ಎಕರೆಯಲ್ಲಿ ನೆಲೆ ನಿಂತಿದ್ದರು. ಎಡಿಸ್ಟೊದಲ್ಲೂ ಜೋಳ, ಗೆಣಸು ಬೆಳೆದು ನಿಂತಿತು. ತಮ್ಮದೆಂದು ಬಿತ್ತಿದ ಮೊದಲ ಬೆಳೆ ಅದು.

ಆ ಏಪ್ರಿಲಿನಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾದರು. ಅವರ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಮೇ 29ರಂದು ಬಂಡೆದ್ದವರಿಗೆ ಕ್ಷಮಾದಾನ ಸಾರಿದರು. ದೊಡ್ಡ ಆಸ್ತಿವಂತರು ಮಾತ್ರ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಿತ್ತು. ಹಾಕಿದರು, ಸಾಲುಗಟ್ಟಿ ನಿಂತರು, ಕ್ಷಮೆ ಪಡೆದರು. ಕ್ಷಮೆಯ ಕಾಗದದ ಜೊತೆ ನೆಲವೂ ವಾಪಸು ಎಂದಾಯಿತು. ಬಿಡುಗಡೆಯಾದವರಿಗೆ ನಲವತ್ತು ಎಕರೆ ಉಳಿಸುವ ಸುತ್ತೋಲೆಯನ್ನು ಹಾವರ್ಡರು ಜುಲೈಯಲ್ಲಿ ಹೊರಡಿಸಿದ್ದರು. ಅಧ್ಯಕ್ಷರು ಅದನ್ನು ರದ್ದುಮಾಡಿಸಿ, ಸೆಪ್ಟೆಂಬರಿನಲ್ಲಿ ಅವರ ಸಹಿಯಲ್ಲೇ ಇನ್ನೊಂದು ಸುತ್ತೋಲೆ ಹೊರಡಿಸಿದರು. ಆಮೇಲೆ, ಎರಡೂ ಕಡೆಯವರಿಗೂ ಒಪ್ಪಿಗೆಯಾಗುವ ಏರ್ಪಾಡು ಮಾಡಿ ಬಾ ಎಂದು ಅವರನ್ನೇ ಎಡಿಸ್ಟೊಗೆ ಕಳಿಸಿದರು. ಒಬ್ಬನ ನೆಲ ಕಿತ್ತು ಇನ್ನೊಬ್ಬನಿಗೆ ಕೊಡುವಾಗ ಎರಡೂ ಕಡೆಗೆ ಒಪ್ಪಿಗೆಯಾಗುವ ಏರ್ಪಾಡು ಯಾವುದು? ಹಾವರ್ಡರಿಗೆ ಅದು ಗೊತ್ತಿರಲಿಲ್ಲ ಎಂದಲ್ಲ. ರಾಜೀನಾಮೆ ಕೊಡಲಿಲ್ಲ, ಹೊರಟು ಬಂದರು. ಅವರನ್ನು ಎಷ್ಟೇ ಗೌರವಿಸಿದರೂ ಇದನ್ನು ಹೇಳದೆ ಬಿಡಲಾರೆ.

ಈಗ ಮತ್ತೆ ಚರ್ಚಿಗೆ ಬರೋಣ.

ಹಾವರ್ಡರು ವಿಷಯ ಎತ್ತುತ್ತಿದ್ದ ಹಾಗೆ ಗದ್ದಲ ಎದ್ದಿತು. ಬೇಡ, ಆಗದು ಎಂಬ ಕೂಗು. ಅವರ ದನಿ ಅದರಲ್ಲಿ ಮುಳುಗಿತು. ಗೊಂದಲದ ನಡುವೆ ಒಬ್ಬ ಹೆಂಗಸು ಹಾಡು ಎತ್ತಿಕೊಂಡಳು. ತಾನು ಕಂಡ ಕಷ್ಟ ಯಾರಿಗೂ ತಿಳಿಯದು ಎನ್ನುವ ಹಾಡು, ಗುಲಾಮಗಿರಿಯ ದಿನಗಳಿಂದ ಬಂದದ್ದು. ಕೆಳಗಿದ್ದವರು ದನಿಗೂಡಿಸಿದರು, ಅಟ್ಟದವರು ಸೇರಿಕೊಂಡರು, ಇಡೀ ಚರ್ಚು ಹಾಡಿತು. ಯುದ್ಧದಲ್ಲಿ ಕೈ ಕಳೆದುಕೊಂಡ ಜನರಲ್ ಆ ಹಾಡಿನ ಮುಂದೆ ಕಣ್ಣೀರು ತಡೆಯಲಾರದೆ ನಿಂತರು. ಹಾಡು ಮುಗಿದ ಮೇಲೆ ಮತ್ತೆ ಮಾತು ಶುರುಮಾಡಿದರು: ಹಳೆಯ ದ್ವೇಷ ಮರೆಯಿರಿ, ಒಡೆಯರ ಜೊತೆ ಕರಾರು ಮಾಡಿಕೊಳ್ಳಿ, ಕೂಲಿಗೋ ಪಾಲಿಗೋ ದುಡಿಯಿರಿ. ಅಟ್ಟದಿಂದ ಒಬ್ಬ ಎದ್ದು ನಿಂತ. ಸರ್ಕಾರಕ್ಕೆ ಎಂದೂ ನಿಷ್ಠರಾಗಿದ್ದ ನಮ್ಮಿಂದ ಕಿತ್ತು, ಎಂದೆಂದಿನ ವೈರಿಗಳಿಗೆ ಯಾಕೆ ಕೊಡುತ್ತೀರಿ ಜನರಲ್ ಸಾಹೇಬರೇ, ಇದು ಸರಿಯಲ್ಲ ಎಂದ. ಮುಂದೆ ಹಾವರ್ಡರು ತಮ್ಮ ಆತ್ಮಕಥೆಯಲ್ಲಿ ಇದನ್ನು ಮುಚ್ಚಿಡದೆ ಬರೆದಿದ್ದಾರೆ.

ಕೊನೆಗೆ, ನಿಮ್ಮ ಪರವಾಗಿ ಮೂವರನ್ನು ಆರಿಸಿಕೊಡಿ ಎಂದರು ಜನರಲ್. ಆರಿಸಿದರು: ಹೆನ್ರಿ ಬ್ರ್ಯಾಮ್, ಇಷ್ಮೇಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್. ಈ ಮೂವರು ಹಾವರ್ಡರಿಗೊಂದು ಕಾಗದ ಬರೆದರು. ಅಕ್ಟೋಬರ್ 28ರಂದು ಅಧ್ಯಕ್ಷರಿಗೆ ಇನ್ನೊಂದು. ಎರಡೂ ಉಳಿದಿವೆ. ಕಾಗುಣಿತ ತಪ್ಪಿದೆ, ವ್ಯಾಕರಣ ಎಡವಿದೆ, ವಾದದಲ್ಲಿ ಮಾತ್ರ ಒಂದು ಬಿರುಕೂ ಕಾಣದು.

ಅಧ್ಯಕ್ಷರಿಗೆ ಬರೆದದ್ದರ ತಿರುಳು ಇಷ್ಟು: ಇಲ್ಲೇ ನಾವು ಜೀವಮಾನವೆಲ್ಲ ಗುಲಾಮರಾಗಿ ದುಡಿದಿದ್ದೇವೆ. ಈ ನೆಲ ಇಂದು ಹೀಗಿದ್ದರೆ ಅದು ನಮ್ಮ ಕೈಯಿಂದ. ದಂಗೆಯೆದ್ದವರ ಹಕ್ಕು ಮೊದಲೋ, ಸ್ವತಂತ್ರ ಪ್ರಜೆಗಳಾದ ನಮ್ಮ ಹಕ್ಕು ಮೊದಲೋ? ಬಿಟ್ಟಿ ಕೊಡಿ ಎಂದು ಅವರು ಕೇಳಲಿಲ್ಲ. ಕೊಳ್ಳಲು ಅವಕಾಶ ಕೊಡಿ, ಮನೆಯೆಂದು ಹೇಳಿಕೊಳ್ಳಲು ಕೆಲವೇ ಎಕರೆಯಾದರೂ ಇರಲಿ ಎಂದರು. 'ಉಳುವವನೇ ಹೊಲದೊಡೆಯ' ಎಂಬ ಮಾತು ಕೇಳಿ ಬೆಳೆದ ನಮಗೆ ಈ ಅರ್ಜಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾವರ್ಡರಿಗೆ ಬರೆದದ್ದು ಇನ್ನೂ ನೇರ. ಒಡೆಯರನ್ನು ಕ್ಷಮಿಸಿ ಎನ್ನುತ್ತೀರಿ. ಯುದ್ಧದಲ್ಲಿ ನೀವು ಕಳೆದುಕೊಂಡದ್ದು ಬಲಗೈ ಒಂದನ್ನೇ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ 39 ಏಟು ಹೊಡೆದವನನ್ನು, ನನ್ನ ತಾಯಿ ತಂಗಿಯ ಬಟ್ಟೆ ಬಿಚ್ಚಿಸಿ ಬಾರಿಸಿದವನನ್ನು, ಅವನ ಹೊಲ ಉತ್ತು ಅವನು ಹೇಳಿದ ಕೂಲಿಗೆ ಒಪ್ಪಿದರೆ ಮಾತ್ರ ಖಾಲಿ ಗುಡಿಸಲಲ್ಲಿ ಇರಗೊಡುವವನನ್ನು, ನಮಗೆ ನೆಲ ಸಿಗದ ಹಾಗೆ ಇತರರ ಜೊತೆ ಕೂಡಿ ಸಂಚು ಮಾಡುವವನನ್ನು ನಾನು ಹೇಗೆ ಕ್ಷಮಿಸಲಿ? ತಂದೆಯ ಮೂಳೆ ಹೂಳುವಷ್ಟು ನೆಲವೂ ನಮಗಿಲ್ಲದ ಹಾಗಾಗುತ್ತಿದೆ.

ಈ ಕಥೆ ಹೇಳಿದಾಗಲೆಲ್ಲ ಕೇಳುವವರು ಇಲ್ಲಿ ತಡೆದು, ಆಮೇಲೆ ನೆಲ ಸಿಕ್ಕಿತೇ ಎಂದು ಕೇಳುತ್ತಾರೆ. ಸಿಗಲಿಲ್ಲ. ಹಾವರ್ಡರು ಮೃದುವಾಗಿಯೇ ಉತ್ತರ ಬರೆದರು. ಕ್ಷಮೆ ಪಡೆದವನಿಗೆ ಗುಲಾಮರನ್ನು ಬಿಟ್ಟು ಉಳಿದ ಆಸ್ತಿಯೆಲ್ಲ ಹಿಂದಿರುಗಬೇಕೆಂಬುದು ಸರ್ಕಾರದ ನಿಲುವು ಎಂದರು, ಮುಂದಿನ ವರ್ಷಕ್ಕೆ ಕರಾರು ಮಾಡಿಕೊಳ್ಳಿ ಎಂದರು. ಕಪ್ಪು ಜನರ ಪರವಾಗಿ ನಿಂತ ಜನರಲ್ ಸ್ಯಾಕ್ಸ್‌ಟನ್‌ರನ್ನು 1866ರ ಜನವರಿಯಲ್ಲಿ ಬ್ಯೂರೊದ ಹುದ್ದೆಯಿಂದ ತೆಗೆದುಹಾಕಲಾಯಿತು. ಕೆಲವು ದ್ವೀಪಗಳಲ್ಲಿ ಜನ ಬಂದೂಕು ಹಿಡಿದು ನಿಂತು ಒಡೆಯರ ದೋಣಿಗಳನ್ನು ಹಿಂದಕ್ಕೆ ಅಟ್ಟಿದರು. ಆಮೇಲೆ ಸೈನಿಕರು ಬಂದರು: ಸಹಿ ಹಾಕಿ, ಇಲ್ಲವೇ ಜಾಗ ಬಿಡಿ. ಬಿಡುಗಡೆ ತಂದ ಅದೇ ನೀಲಿ ಸಮವಸ್ತ್ರದವರು.

1865ರ ಡಿಸೆಂಬರಿನಲ್ಲೇ ದಕ್ಷಿಣ ಕೆರೊಲಿನಾದ ಬಿಳಿಯರ ಶಾಸಕಾಂಗ ಕಪ್ಪು ಜನರಿಗೆಂದೇ ಬೇರೆ ಕಾನೂನು ಮಾಡಿತು. ಕೂಲಿಕಾರನಿಗೆ ಅದರಲ್ಲಿ 'ಸೇವಕ' ಎಂದು ಹೆಸರು, ಕೂಲಿ ಕೊಡುವವನಿಗೆ 'ಯಜಮಾನ'. ಹೊಲದ ಕೆಲಸ, ಮನೆಗೆಲಸ ಬಿಟ್ಟು ಬೇರೆ ಕಸುಬು ಮಾಡಬೇಕಾದರೆ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕು. ಇದನ್ನು ಕಂಡು ಉತ್ತರದವರು ಕೆರಳಿದರು. ಅಧ್ಯಕ್ಷರ ತಡೆಯನ್ನು ಮೀರಿ ಕಾಂಗ್ರೆಸ್ಸು 1866ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ತಂದಿತು. 1868ರಲ್ಲಿ 14ನೇ ತಿದ್ದುಪಡಿ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಸಂವಿಧಾನದಲ್ಲಿ ಬರೆಯಿತು. 1870ರಲ್ಲಿ 15ನೇ ತಿದ್ದುಪಡಿ ಮತದ ಹಕ್ಕಿಗೆ ಬಣ್ಣ ಅಡ್ಡಿಯಾಗಬಾರದೆಂದಿತು. ದೂರದ ಪುಣೆಯಲ್ಲಿ ಜ್ಯೋತಿಬಾ ಫುಲೆಯವರು 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮರನ್ನು ಬಿಡಿಸಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅದೇ ವರ್ಷದ ಈಸ್ಟರ್ ಭಾನುವಾರ ಲೂಯಿಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ, ನ್ಯಾಯಾಲಯದ ಕಟ್ಟಡ ಕಾಯುತ್ತಿದ್ದ ಹತ್ತಾರು ಕಪ್ಪು ಜನರನ್ನು ಬಿಳಿಯರ ಸಶಸ್ತ್ರ ಗುಂಪು ಕೊಂದಿತು. ಹಲವರನ್ನು ಶರಣಾದ ಮೇಲೆ ಕೊಂದದ್ದು. ಹಕ್ಕು ಕಾಗದದ ಮೇಲೆ ಬಂದಷ್ಟು ಬೇಗ ನೆಲದ ಮೇಲೆ ಬರಲಿಲ್ಲ.

ಆದರೂ ನಡುವೆ ಒಂದು ಒಳ್ಳೆಯ ಕಾಲ ಇತ್ತು. 1868ರ ಜನವರಿಯಲ್ಲಿ ಚಾರ್ಲ್ಸ್‌ಟನ್ನಿನಲ್ಲಿ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯಲು ಸಭೆ ಸೇರಿತು. 124 ಪ್ರತಿನಿಧಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಹಲವರು ಮೂರು ವರ್ಷ ಹಿಂದೆ ಇನ್ನೊಬ್ಬರ ಸೊತ್ತಾಗಿದ್ದವರು. ರಿಚರ್ಡ್ ಕೇನ್ ಎಂಬ ಪಾದ್ರಿ ಎಡಿಸ್ಟೊದ ಮಾತನ್ನೇ ಅಲ್ಲಿ ಎತ್ತಿದರು: ಕಾಂಗ್ರೆಸ್ಸು ಹತ್ತು ಲಕ್ಷ ಡಾಲರ್ ಸಾಲ ಕೊಡಲಿ, ನೆಲ ಕೊಂಡು ಬಡವರಿಗೆ ಮಾರೋಣ. ವಾಷಿಂಗ್ಟನ್ನಿಂದ ಹಣ ಬರಲಿಲ್ಲ. ಮರುವರ್ಷ ರಾಜ್ಯವೇ ಒಂದು ಭೂ ಆಯೋಗ ಮಾಡಿತು. ದಕ್ಷಿಣದ ಬೇರೆ ಯಾವ ರಾಜ್ಯವೂ ಆ ಕೆಲಸಕ್ಕೆ ಕೈಹಾಕಲಿಲ್ಲ. ಬಿಳಿ ಕಪ್ಪು ಎನ್ನದೆ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಬೇಕೆಂದು ಸಭೆಯಲ್ಲಿ ಒತ್ತಾಯಿಸಿದವರಲ್ಲಿ ರಾಬರ್ಟ್ ಸ್ಮಾಲ್ಸ್ ಮುಖ್ಯರು.

ಸ್ಮಾಲ್ಸ್ ಹುಟ್ಟಿದ್ದು 1839ರಲ್ಲಿ, ಬ್ಯೂಫರ್ಟ್ ಪಟ್ಟಣದಲ್ಲಿ, ಒಡೆಯನ ಮನೆಯ ಹಿತ್ತಿಲ ಗುಡಿಸಲಲ್ಲಿ. 1862ರ ಮೇ 13ರ ಬೆಳಗಿನ ಜಾವ, ಚಾರ್ಲ್ಸ್‌ಟನ್ ಬಂದರಿನಲ್ಲಿ ದಕ್ಷಿಣದವರ 'ಪ್ಲಾಂಟರ್' ಹಡಗಿನ ಬಿಳಿ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಕಪ್ತಾನನ ಹುಲ್ಲಿನ ಟೋಪಿ ತಲೆಗಿಟ್ಟು, ಹೆಂಡತಿ ಮಕ್ಕಳನ್ನೂ ಸಂಗಾತಿಗಳನ್ನೂ ಹತ್ತಿಸಿಕೊಂಡು, ಕೋಟೆ ಕೋಟೆಯ ಮುಂದೆ ಸರಿಯಾದ ಸೀಟಿ ಸಂಕೇತ ಕೊಡುತ್ತಾ, ಆ ಹಡಗನ್ನೇ ಉತ್ತರದವರ ಕೈಗೆ ಒಪ್ಪಿಸಿದವರು. ಬಿಳಿ ಹಾಸಿಗೆ ವಸ್ತ್ರವನ್ನೇ ಬಾವುಟ ಮಾಡಿ ಏರಿಸಿದ್ದರು. ಬಹುಮಾನದ ಹಣ ಬಂತು. ಬ್ಯೂಫರ್ಟಿನಲ್ಲಿ ತೆರಿಗೆ ಬಾಕಿಗೆ ಹರಾಜಾದ ಮನೆಯೊಂದನ್ನು ಆಮೇಲೆ ಕೊಂಡರು. ತಾಯಿ ದುಡಿದ, ತಾವು ಗುಲಾಮರಾಗಿ ಹುಟ್ಟಿದ ಅದೇ ಮನೆ.

ಬ್ಯೂಫರ್ಟ್, ಅದರ ಪಕ್ಕದ ಸೇಂಟ್ ಹೆಲೆನಾ ದ್ವೀಪದ ಕಡೆಗೂ ಎಡಿಸ್ಟೊಗೂ ಇದ್ದ ವ್ಯತ್ಯಾಸ ಇಲ್ಲಿದೆ. ಎಡಿಸ್ಟೊದವರ ಕೈಯಲ್ಲಿದ್ದದ್ದು ಸೇನಾಧಿಕಾರಿಯ ಆದೇಶ; ಅಧ್ಯಕ್ಷರ ಒಂದು ಸಹಿಗೆ ಅದು ಹಾರಿಹೋಯಿತು. ಬ್ಯೂಫರ್ಟ್ ಕಡೆ ಓಡಿಹೋದ ಒಡೆಯರು ಯುದ್ಧದ ತೆರಿಗೆ ಕಟ್ಟಿರಲಿಲ್ಲ. 1863ರಿಂದ ಸರ್ಕಾರ ಅವರ ನೆಲವನ್ನು ಹರಾಜು ಹಾಕಿತ್ತು. ಕೊಂಡವರಿಗೆ ಕ್ರಯಪತ್ರ ಸಿಕ್ಕಿತ್ತು. ಸ್ಮಾಲ್ಸರ ಮನೆಯ ಮೇಲೆ ಹಳೆಯ ಒಡೆತನದ ಹಕ್ಕು ಹೇಳಿಕೊಂಡ ಡಿ ಟ್ರೆವಿಲ್ ಎಂಬುವರು ದಾವೆ ಹೂಡಿದಾಗ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1878ರಲ್ಲಿ ಸ್ಮಾಲ್ಸ್ ಗೆದ್ದರು. ಅವರೊಂದಿಗೆ ಅಂಥ ಕ್ರಯಪತ್ರ ಹಿಡಿದಿದ್ದ ಬಡ ರೈತರ ನೆಲವೂ ಭದ್ರವಾಯಿತು.

ಆ ಭದ್ರತೆ ಎಷ್ಟು ದೊಡ್ಡದೆಂದು ಮುಂದೆ ಗೊತ್ತಾಯಿತು. 1876ರ ಚುನಾವಣೆಯಲ್ಲಿ ಕೆಂಪಂಗಿ ತೊಟ್ಟ ಬಿಳಿಯರ ಸಶಸ್ತ್ರ ಗುಂಪುಗಳು ಊರೂರು ಬೆದರಿಸಿದವು. ಜುಲೈಯಲ್ಲಿ ಅದೇ ರಾಜ್ಯದ ಹ್ಯಾಂಬರ್ಗ್ ಎಂಬ ಊರಿನಲ್ಲಿ ಕಪ್ಪು ಸ್ವಯಂಸೇವಕ ಸೈನಿಕರನ್ನು ಹಿಡಿದು ಕೊಂದರು. 1877ರ ಏಪ್ರಿಲಿನಲ್ಲಿ ಕೇಂದ್ರದ ಸೈನಿಕರು ರಾಜ್ಯದ ವಿಧಾನಭವನ ಬಿಟ್ಟು ಹೊರಟರು. ಹೊರಜಿಲ್ಲೆಗಳಲ್ಲಿ ಪಾಲಿಗೆ ಉಳುವವನು ಒಡೆಯ ಹೇಳಿದವರಿಗೆ ಮತ ಹಾಕದಿದ್ದರೆ ಮರುದಿನ ಗುಡಿಸಲು ಖಾಲಿ ಮಾಡಬೇಕಿತ್ತು. ತನ್ನ ನೆಲದಲ್ಲಿ ನಿಂತವನಿಗೆ ಆ ಹೆದರಿಕೆ ಇರಲಿಲ್ಲ.

1895ರಲ್ಲಿ ಬಿಳಿಯರ ನಾಯಕ ಬೆನ್ ಟಿಲ್‌ಮನ್ ಮುಂದಾಳುತನದಲ್ಲಿ ರಾಜ್ಯದ ರಾಜಧಾನಿ ಕೊಲಂಬಿಯಾದಲ್ಲಿ ಮತ್ತೊಂದು ಸಂವಿಧಾನ ಸಭೆ ಸೇರಿತು. ಕಪ್ಪು ಜನರ ಮತ ಕಸಿಯುವುದೇ ಅದರ ಉದ್ದೇಶ. ಟಿಲ್‌ಮನ್ ಅದನ್ನು ಮುಚ್ಚಿಡಲೂ ಇಲ್ಲ. ಮತ ಹಾಕಲು ತಲೆಗಂದಾಯ, ಸಂವಿಧಾನ ಓದುವ ಪರೀಕ್ಷೆ, ಓದು ಬಾರದಿದ್ದರೆ 300 ಡಾಲರಿನ ಆಸ್ತಿ. ಓದಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಬಿಳಿ ಅಧಿಕಾರಿ. ಕಪ್ಪು ಜನರೇ ಹೆಚ್ಚಿದ್ದ ಆ ರಾಜ್ಯದಿಂದ ಸಭೆಗೆ ಬರಲು ಸಾಧ್ಯವಾದ ಕಪ್ಪು ಪ್ರತಿನಿಧಿಗಳು ಆರೇ ಜನ. ಆ ಆರರಲ್ಲಿ ಐವರು ಬ್ಯೂಫರ್ಟಿನವರು: ಸ್ಮಾಲ್ಸ್, ಥಾಮಸ್ ಮಿಲ್ಲರ್, ವಿಲಿಯಂ ವಿಪ್ಪರ್, ಜೇಮ್ಸ್ ವಿಗ್, ಐಸಾಯಾ ರೀಡ್. ಬೇರೆ ಕಡೆಗಳಲ್ಲೆಲ್ಲ ಸದ್ದಡಗಿದ್ದ ದನಿ ಅಲ್ಲಿಂದ ಮಾತ್ರ ಹೀಗೆ ಐದಾಗಿ ಬಂದದ್ದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಅಲ್ಲಿನವರ ಕಾಲಡಿ ಸ್ವಂತ ನೆಲವಿತ್ತು. ಗ್ಯಾರಿಸನ್ ಫ್ರೇಜಿಯರ್ ಮೂವತ್ತು ವರ್ಷ ಹಿಂದೆ ಸ್ಟಾಂಟನ್‌ಗೆ ಹೇಳಿದ್ದು ಇದನ್ನೇ.

ಐವತ್ತಾರು ವರ್ಷದ ಸ್ಮಾಲ್ಸ್ ಎದ್ದು ನಿಂತು, ಬಿಳಿಯರಿಗೂ ಕಪ್ಪು ಜನರಿಗೂ ಒಂದೇ ಅಳತೆ ಇಡಿ, ನ್ಯಾಯವಾದ ಚುನಾವಣೆ ನಡೆಸಿ, ಅದರಲ್ಲಿ ಸೋತರೆ ನಾವು ದೂರುವುದಿಲ್ಲ ಎಂಬರ್ಥದಲ್ಲಿ ವಾದಿಸಿದರು. ಯಾರೂ ಅವರ ವಾದಕ್ಕೆ ಉತ್ತರ ಕೊಡಲಿಲ್ಲ, ಮತ ಎಣಿಸಿ ಸೋಲಿಸಿದರು. ಕೊನೆಗೆ ಎಲ್ಲರೂ ಸಹಿ ಹಾಕುವ ಹೊತ್ತು ಬಂತು. ಸ್ಮಾಲ್ಸ್ ಹಾಕುವುದಿಲ್ಲ ಎಂದರು. ಸಹಿ ಹಾಕದವರಿಗೆ ಪ್ರಯಾಣದ ಭತ್ಯೆ ಕೊಡಬಾರದು ಎಂಬ ಮಾತು ಬಂತು. ಹಾಗಾದರೆ ಮನೆಗೆ ನಡೆದುಕೊಂಡೇ ಹೋಗುತ್ತೇನೆ, ಇದಕ್ಕೆ ಮಾತ್ರ ಸಹಿ ಹಾಕಲಾರೆ ಎಂದರಂತೆ.

ಕೊಲಂಬಿಯಾದಿಂದ ಬ್ಯೂಫರ್ಟಿಗೆ ನೂರು ಮೈಲಿಗೂ ಮೀರಿದ ದಾರಿ. ಅಲ್ಲಿ, ಪ್ರಿನ್ಸ್ ಸ್ಟ್ರೀಟಿನಲ್ಲಿ, ಸುಪ್ರೀಂ ಕೋರ್ಟು ಅವರದೇ ಎಂದು ತೀರ್ಪು ಕೊಟ್ಟ ಆ ಮನೆಯಿತ್ತು. 1915ರಲ್ಲಿ ಸಾಯುವವರೆಗೂ ಅದು ಅವರ ಹೆಸರಿನಲ್ಲೇ ಉಳಿಯಿತು.